ಅಲ್ಪಾಕಾ ದೊಡ್ಡಿಯ ಚಿಲಕ

ಕೆಲಸ ಕಳೆದುಕೊಂಡ ಗಂಡಸು ಮನೆಯಲ್ಲಿ ಸುಮ್ಮನೆ ಕೂತಿದ್ದರೆ ಯಾರಿಗೂ ತೊಂದರೆಯಿಲ್ಲ. ಅವನು ಇಂಜಿನಿಯರ್ ಆಗಿದ್ದು, ಏನಾದರೂ ಉಪಯೋಗಕ್ಕೆ ಬರಬೇಕೆಂದು ಎದ್ದು ನಿಂತರೆ ಮಾತ್ರ ಮನೆಮಂದಿ ಹುಷಾರಾಗಿರಬೇಕು. ನಾನು ಡೆಟ್ರಾಯಿಟ್ ಕಡೆಯ ಒಂದು ಕಂಪನಿಯಲ್ಲಿ ಬಹಳ ವರ್ಷ ಕಾರಿನ ಹಿಂಬಾಗಿಲ ಚಿಲಕಗಳನ್ನು ವಿನ್ಯಾಸ ಮಾಡಿದವನು. ಹಿಂದಿನ ಸೀಟಿನ ಮಕ್ಕಳು ಒಳಗಿನಿಂದ ಎಷ್ಟು ಎಳೆದಾಡಿದರೂ ತೆರೆಯಬಾರದು, ಅಪ್ಪ ಅಮ್ಮ ಹೊರಗಿನಿಂದ ಎಳೆದರೆ ತಟ್ಟನೆ ತೆರೆಯಬೇಕು. ಇಷ್ಟೇ ನನ್ನ ವಿದ್ಯೆ. ಆರ್ಥಿಕ ಹಿಂಜರಿತ ಬಂತು ನೋಡಿ, ಕಂಪನಿ ನನ್ನನ್ನು ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡಿತು. ಆ ಬಾಗಿಲು ಹೊರಗಿನಿಂದ ಎಷ್ಟು ಎಳೆದರೂ ತೆರೆಯಲಿಲ್ಲ.

ನನ್ನ ಹೆಂಡತಿ ವಸಂತ ಹತ್ತಿರದ ನೋವೈ ಊರಿನಲ್ಲಿ ಮಕ್ಕಳ ಡಾಕ್ಟರು. ಅವಳ ಪೇಷಂಟ್ ಒಬ್ಬನ ಅಜ್ಜ ಅಲ್ಪಾಕಾ ಸಾಕುತ್ತಿದ್ದರಂತೆ. ಹಿಂಜರಿತದಲ್ಲಿ ಅವರ ಫಾರಂ ಕೂಡ ಮುಚ್ಚಿತು. ಕೊನೆಗೆ ಉಳಿದ ಮೂರಕ್ಕೆ ಒಳ್ಳೆಯ ಮನೆ ಹುಡುಕುತ್ತಿದ್ದರು. ಅಲ್ಪಾಕಾ ಅಂದರೆ ಕುರಿಯ ಮೈ, ಒಂಟೆಯ ಕತ್ತು, ಈಗ ತಾನೇ ಸಲೂನಿನಿಂದ ಎದ್ದು ಬಂದಂಥ ಮುಖ. ನಾವು ಒಳ್ಳೆಯ ಕಾಲದಲ್ಲಿ ಊರಾಚೆ ಮನೆ ಕೊಂಡಿದ್ದೆವು, ಹಿಂದೆ ಐದು ಎಕರೆ ಹುಲ್ಲುಗಾವಲು. "ಜಾಗಾನೂ ಖಾಲಿ ಬಿದ್ದಿದೆ, ನೀವೂ ಖಾಲಿ ಇದೀರ. ತರೋಣ್ರೀ," ಎಂದಳು ವಸಂತ. ಗುಂಡ, ಪುಟ್ಟ, ಕಿಟ್ಟ ಎಂದು ಹೆಸರೂ ಇಟ್ಟುಬಿಟ್ಟಳು.

ಬೇಲಿಯ ಜವಾಬ್ದಾರಿ ನನ್ನದಾಯಿತು. ಇಲ್ಲಿ ರಾತ್ರಿ ಕಯೋಟಿಗಳು ಓಡಾಡುತ್ತವೆ, ನಮ್ಮ ತೋಳದ ದಾಯಾದಿಗಳು. ಅವು ಒಳಗೆ ಬರಬಾರದು. ಮುಳ್ಳುತಂತಿ ಕೂಡದು, ಅಲ್ಪಾಕಾಗಳ ಉಣ್ಣೆ ಸಿಕ್ಕಿ ಮೈ ಹರಿಯುತ್ತದೆ. ಜಾಲರಿಯ ಕಣ್ಣು ದೊಡ್ಡದಿರಬಾರದು, ತಲೆ ತೂರಿಸಿ ಒದ್ದಾಡುತ್ತವೆ. ಆದ್ದರಿಂದ ಎರಡಿಂಚು ಅಗಲ, ನಾಲ್ಕಿಂಚು ಎತ್ತರದ ಕಣ್ಣಿನ ಗಟ್ಟಿ ಜಾಲರಿ ತಂದೆ. ನನಗಿಂತ ಎತ್ತರ, ಹತ್ತಲು ಕಾಲಿಗೆ ಆಸರೆಯೇ ಸಿಗದು. ಮಿಷಿಗನ್ ಚಳಿಗೆ ನೆಲ ಉಬ್ಬಿ ಕಂಬ ಮೇಲೆದ್ದು ಬರುತ್ತದೆಂದು ನಾಲ್ಕು ಅಡಿ ಆಳಕ್ಕೆ ಗುಂಡಿ ತೋಡಿದೆ. ಪಕ್ಕದ ರಸ್ತೆಯ ಕುಲಕರ್ಣಿ ಧಾರವಾಡದವರು, ಬ್ರೇಕ್ ಇಂಜಿನಿಯರು, ನನ್ನ ಹಾಗೇ ಮನೆಯಲ್ಲಿದ್ದವರು. ದಿನಾ ಕಾಫಿ ಹೊತ್ತಿಗೆ ಬಂದು ಸಲಹೆ ಕೊಟ್ಟು ಉಪಕಾರ ಮಾಡುತ್ತಿದ್ದರು. "ಏನ್ರೀ ಇದು, ಮೂರು ಕುರಿಗೆ ಸೆಂಟ್ರಲ್ ಜೈಲ್ ಕಟ್ಟಾಕತ್ತೀರಲ್ಲ!" ಎಂದರು. ನನಗೆ ಹೆಮ್ಮೆಯೇ ಆಯಿತು.

ಚಿಲಕವನ್ನು ಮಾತ್ರ ಅಂಗಡಿಯಿಂದ ತರುವುದು ನನ್ನ ಮರ್ಯಾದೆಯ ಪ್ರಶ್ನೆ. ಅಲ್ಪಾಕಾ ತುಟಿಯಲ್ಲೇ ಏನು ಬೇಕಾದರೂ ಎಳೆಯುತ್ತದೆ, ಹಾಗಾಗಿ ಒಳಗಡೆ ಹಿಡಿಯೇ ಇಡಲಿಲ್ಲ. ಹೊರಗೂ ಒಂದು ಕೈಯಲ್ಲಿ ಒತ್ತಿ ಇನ್ನೊಂದು ಕೈಯಲ್ಲಿ ಎತ್ತಬೇಕು. ಬಿಟ್ಟರೆ ಸ್ಪ್ರಿಂಗ್ ತಾನೇ ಬಾಗಿಲು ಮುಚ್ಚುತ್ತದೆ.

ಮೂರೂ ದೊಡ್ಡಿಗೆ ಬಂದು ಸೇರಿದವು. ಅಷ್ಟರಲ್ಲಿ ಚಿಕಾಗೊ ಪಕ್ಕದ ಲೈಲ್‌ನ ಕಂಪನಿಯೊಂದು ನನ್ನ ಅರ್ಜಿಗೆ ಉತ್ತರಿಸಿತು: ಶುಕ್ರವಾರ ಹನ್ನೊಂದಕ್ಕೆ ಫೋನಿನಲ್ಲಿ ಇಂಟರ್‌ವ್ಯೂ. ಕೆಲಸ ಹೋದ ಮೇಲೆ ಬಂದ ಮೊದಲ ಕರೆ ಅದು. ಮನೆಯೊಳಗೆ ಸಿಗ್ನಲ್ ಸರಿಯಿಲ್ಲ, ದೊಡ್ಡಿಯ ಹತ್ತಿರ ಚೆನ್ನಾಗಿ ಸಿಗುತ್ತಿತ್ತು. ಬೇಗನೆ ಹೋಗಿ, ಸಿಟ್ಟು ಬಂದರೆ ಉಗುಳುವ ಗುಂಡ ಅದರ ಮೇಲೂ ಉಗುಳೀತೆಂದು ಫೋನನ್ನು ಬೇಲಿಯ ಹೊರಗೆ ಒಂದು ಕುರ್ಚಿಯ ಮೇಲಿಟ್ಟು, ನೀರಿನ ತೊಟ್ಟಿ ನೋಡಲು ಒಳಗೆ ಹೋದೆ. ಹಿಂದಿನಿಂದ 'ಟಕ್' ಎಂದಿತು. ಆ ಶಬ್ದ ನನಗೆ ಚೆನ್ನಾಗಿ ಗೊತ್ತು. ಬಾಗಿಲು ಭದ್ರವಾಗಿದೆ ಎಂದು ಕಾರಿನ ಗಿರಾಕಿಗೆ ಧೈರ್ಯ ಬರಲೆಂದು ತಿಂಗಳುಗಟ್ಟಲೆ ಕೂತು ರೂಪಿಸಿದ ಶಬ್ದ ಅದು.

ಅಯ್ಯೋ ದೇವರೇ! ಜಾಲರಿಯಲ್ಲಿ ಕೈ ತೂರಿಸಿದೆ, ಅಂಗೈ ಹೋಯಿತು, ಚಿಲಕ ಎಟುಕಲಿಲ್ಲ. ಹತ್ತಲು ನೋಡಿದೆ, ಜಾರಿದೆ. ಕಂಬ ಅಲ್ಲಾಡಿಸಿದೆ, ನಾಲ್ಕು ಅಡಿ ಆಳ! ಈ ಕರೆ ತಪ್ಪಿದರೆ ಇನ್ನೊಂದು ಯಾವಾಗಲೋ. ವಸಂತ ಕ್ಲಿನಿಕ್‌ನಲ್ಲಿದ್ದಳು. ಪುಟ್ಟ, ಕಿಟ್ಟ ಹತ್ತಿರ ಬಂದು ತಮ್ಮ ಸ್ವಭಾವದಂತೆ 'ಹೂಂ, ಹೂಂ' ಎಂದವು.

ಫೋನ್ ಹೊಡೆದುಕೊಳ್ಳಲು ಶುರುವಾದದ್ದೂ ಕುಲಕರ್ಣಿ ಮನೆಯ ಮೂಲೆಯಲ್ಲಿ ಕಾಣಿಸಿದ್ದೂ ಒಟ್ಟಿಗೇ. "ಎತ್ತಿ, ಎತ್ತಿ!" ಎಂದು ಕಿರುಚಿದೆ. ಅವರು ಓಡಿಬಂದು ಫೋನೆತ್ತಿ, "ಯಸ್ ಮೇಡಂ, ಹೀ ಈಸ್ ಇನ್‌ಸೈಡ್ ಮೇಡಂ," ಎಂದು ಅದನ್ನು ಸ್ಪೀಕರಿಗೆ ಹಾಕಿ ಜಾಲರಿಗೆ ಒತ್ತಿ ಹಿಡಿದರು. ಬಾಗಿಲು ತೆಗೆಯಲು ಎರಡು ಕೈ ಬೇಕು. ಅವರ ಒಂದು ಕೈಯಲ್ಲಿ ನನ್ನ ಭವಿಷ್ಯವಿತ್ತು.

ಆ ಮೇಡಂ ಪ್ರಶ್ನೆ ಕೇಳುತ್ತ ಹೋದರು. ನಡುವೆ, "ಲೈನಿನಲ್ಲಿ ಬೇರೆ ಯಾರೋ ಹೂಂಗುಟ್ಟುತ್ತಿದ್ದಾರಲ್ಲ?" ಎಂದರು. "ನನ್ನ ಜೊತೆಯವರು," ಎಂದೆ. "ಈಚೆಗೆ ಏನು ವಿನ್ಯಾಸ ಮಾಡಿದಿರಿ?" "ಒಂದು ಬಾಗಿಲ ಚಿಲಕ." "ಪರೀಕ್ಷೆ ಆಯಿತೇ?" "ಈಗ ನಡೆಯುತ್ತಿದೆ." "ದೋಷವೇನಾದರೂ ಕಂಡಿತೇ?" ಕುಲಕರ್ಣಿ, "ಹೇಳಬ್ಯಾಡ್ರೀ!" ಎಂದು ಕಣ್ಣು ಕೆಕ್ಕರಿಸಿದರು. ಆದರೆ ನನಗೆ ಸುಳ್ಳು ಹೊಳೆಯಲಿಲ್ಲ. ಎಲ್ಲ ಹೇಳಿಬಿಟ್ಟೆ. ಮುಗೀತು ಕಥೆ ಅಂದುಕೊಂಡೆ. ಆ ಕಡೆಯಿಂದ ಬಿದ್ದು ಬಿದ್ದು ನಗುವ ಸದ್ದು. ತನ್ನ ತಪ್ಪನ್ನು ಒಳಗೆ ನಿಂತು ನೋಡಿದ ಇಂಜಿನಿಯರನ್ನು ಇದೇ ಮೊದಲು ಕಂಡದ್ದಂತೆ. ಬಂದು ಭೇಟಿಯಾಗಿ ಎಂದರು. ಕುಲಕರ್ಣಿ ಫೋನ್ ಇಟ್ಟು ಎರಡು ಕೈಯಲ್ಲಿ ಬಾಗಿಲು ತೆಗೆದರು. ಮುಂದೆ ಕೆಲಸವೂ ಸಿಕ್ಕಿತು.

ಆ ಸಂಜೆ ವಸಂತ ನಕ್ಕು ಸಾಕಾಗಿ, ಚಿಲಕದ ಗುಂಡಿಯನ್ನು ಒತ್ತಿದ ಹಾಗೇ ಬಿಗಿದು, ಒಂದು ಲಾಡಿ ತಂದು ಎತ್ತುವ ಹಿಡಿಗೆ ಕಟ್ಟಿ ಮೇಲಿನಿಂದ ಒಳಗೆ ಇಳಿಬಿಟ್ಟಳು. "ಎಳೆದ್ರೆ ತೆಗೀತು. ಇಷ್ಟೇ ಅಲ್ವೇನ್ರೀ?" ಇಷ್ಟೇ. ಮಾರನೇ ಬೆಳಿಗ್ಗೆ ಗುಂಡ ಆ ಲಾಡಿಯನ್ನು ತುಟಿಯಲ್ಲಿ ಎಳೆದು, ತನ್ನ ಬಳಗದೊಂದಿಗೆ ಕುಲಕರ್ಣಿಯವರ ಅಂಗಳದ ಹೂವೆಲ್ಲ ಮೇಯ್ದು ಬಂತು. ಲಾಡಿ ಬಿಚ್ಚಿದೆವು.

ಈಗ ವಾರವೆಲ್ಲ ಲೈಲ್‌ನಲ್ಲಿದ್ದು, ಶುಕ್ರವಾರ ಸಂಜೆ ಡ್ರೈವ್ ಮಾಡಿಕೊಂಡು ಮನೆಗೆ ಬರುವಾಗ ಒಂದು ಹೊಸ ಚಿಲಕ ಮಾಡಿ ತರುತ್ತೇನೆ. "ನಿಮಗೆ ತೆಗೆಯೋಕೆ ಬರಬೇಕು, ಗುಂಡಂಗೆ ಬರಬಾರದು. ಅದೇನು ಅಷ್ಟು ಕಷ್ಟ?" ಎನ್ನುತ್ತಾಳೆ ವಸಂತ. ಕಷ್ಟವೇ. ಹೋದ ವಾರ ತಂದದ್ದು ನನ್ನ ಈವರೆಗಿನ ಅತ್ಯುತ್ತಮ ಚಿಲಕ. ಹಾಕಿ, ಒಳಗೆ ಹೋಗಿ, ಬಾಗಿಲು ಮುಚ್ಚಿ ಪರೀಕ್ಷಿಸಿದೆ. ಎಷ್ಟು ತಿರುಗಿಸಿದರೂ ನನ್ನಿಂದ ಆಗಲಿಲ್ಲ. ಕೊನೆಗೆ ಗುಂಡ ಬಂದು ತೆಗೆದುಕೊಟ್ಟಿತು.