ಒಂದೇ ಪಂಕ್ತಿಯ ಫೋಟೋ

ತಪ್ಪೆಲ್ಲ ಪಂಕ್ತಿಯದು. ಬರೀ ಭಾಷಣಗಳಾಗಿದ್ದರೆ ಚಿದಾನಂದ ಆ ದಿನವನ್ನು ಹೇಗೋ ದಾಟಿಬಿಡುತ್ತಿದ್ದ.

ಜಮಖಂಡಿಯ ಒಂದು ಖಾಸಗಿ ಕಾಲೇಜಿನಲ್ಲಿ ಅವನು ಆರು ವರ್ಷದಿಂದ ತತ್ತ್ವಶಾಸ್ತ್ರದ ಅತಿಥಿ ಉಪನ್ಯಾಸಕ. ಆರು ವರ್ಷ ಜಾಗ ಬಿಡದವನನ್ನು ಯಾವ ಮನೆಯಲ್ಲೂ ಅತಿಥಿ ಎನ್ನುವುದಿಲ್ಲ, ಕಾಲೇಜಿನವರು ಮಾತ್ರ ಎನ್ನುತ್ತಿದ್ದರು. ಈ ಸಲ ‘ಬೌದ್ಧ ಧರ್ಮ ಮತ್ತು ಇತರ ಧರ್ಮಗಳು: ತೌಲನಿಕ ನೋಟ’ ಎಂಬ ವಿಚಾರ ಸಂಕಿರಣದ ಹೊಣೆ ಅವನ ತಲೆಗೆ ಬಿತ್ತು. ಬೆಳಿಗ್ಗೆ ಎಂಟಕ್ಕೇ ಪ್ರಿನ್ಸಿಪಾಲ ಗಿರಿಮಲ್ಲಪ್ಪನವರು ಕೋಣೆಗೆ ಕರೆದರು.

“ಬುದ್ಧ ಏನಂದ, ಉಳಿದವ್ರು ಏನಂದ್ರು, ಅದನ್ನೆಲ್ಲಾ ಮಂದಿ ಸಂಜಿ ಅನ್ನೂದ್ರಾಗ ಮರೀತಾರ. ನನಗ ಬೇಕಾದ್ದು ಒಂದ ಫೋಟೋ. ನಾಲ್ಕೂ ಧರ್ಮದವ್ರು ಒಂದ ಪಂಕ್ತಿಯೊಳಗ ಕುಂತು ಊಟ ಮಾಡಾಕತ್ತಿರಬೇಕು. ಗುರುವಾರ ತಪಾಸಣಿ ಕಮಿಟಿ ಬರತೈತಿ. ರಿಪೋರ್ಟಿನ ಮೊದಲನೇ ಪುಟಕ್ಕ ಅದ ಬೇಕು. ಅಷ್ಟು ಮಾಡು, ನಿನ್ನ ಕಾಯಂ ಆರ್ಡರಿಗೆ ನಾ ಸಹಿ ಹಾಕ್ತೇನಿ.”

“ಆತರಿ ಸರ,” ಎಂದ ಚಿದಾನಂದ. ಊಟ ಒಲ್ಲೆ ಎನ್ನುವ ಧರ್ಮ ಯಾವುದಿದ್ದೀತು ಎಂದುಕೊಂಡ. ಆ ಖುಷಿಯಲ್ಲಿ ನಾಷ್ಟಾ ಮಾಡುವುದನ್ನೇ ಮರೆತ.

ಹತ್ತಕ್ಕೆ ಗೋಷ್ಠಿ ಶುರುವಾಯಿತು. ಬೀದರ ಕಡೆಯಿಂದ ಬಂದ ಬೌದ್ಧ ಭಿಕ್ಷು ಭಂತೆ, ನಿತ್ಯವಾದ ಆತ್ಮ ಎಂಬುದೇ ಇಲ್ಲ ಎಂದರು. ತೇರದಾಳದ ಜೈನ ಪಂಡಿತ ಪಾರಿಸಪ್ಪನವರು, ಇರುವೆಗೂ ಆತ್ಮವಿದೆ, ನೆಲದೊಳಗಿನ ಗಡ್ಡೆಯಲ್ಲಂತೂ ಲೆಕ್ಕವಿಲ್ಲದಷ್ಟು ಜೀವಗಳಿವೆ ಎಂದರು. ಬೀಳಗಿ ಕಡೆಯ ಲಿಂಗಾಯತ ಮಠದ ಸ್ವಾಮಿಗಳಾದ ಅಜ್ಜಾರು, ಆತ್ಮವಿದೆ, ಅದು ಕೊನೆಗೆ ಶಿವನಲ್ಲಿ ಬೆರೆಯುತ್ತದೆ ಎಂದರು. ಮುಧೋಳದ ಮೌಲ್ವಿ ಸಾಹೇಬರು, ಬೆರೆಯುವುದಿಲ್ಲ, ಒಬ್ಬನೇ ದೇವರ ಮುಂದೆ ಒಂದು ದಿನ ಬಂದು ನಿಲ್ಲುತ್ತದೆ ಎಂದರು. ಒಬ್ಬರ ಮಾತನ್ನು ಒಬ್ಬರು ಒಪ್ಪಲಿಲ್ಲ. ಆದರೆ ಯಾರ ದನಿಯೂ ಏರಲಿಲ್ಲ, ಚಿದಾನಂದನಿಗೆ ಅಷ್ಟೇ ಸಾಕಿತ್ತು.

ಹನ್ನೊಂದೂವರೆಗೆ ಭಂತೆ ಮೆಲ್ಲಗೆ ಹತ್ತಿರ ಬಂದರು. “ನಂದು ಹನ್ನೆರಡರೊಳಗ ಊಟ ಆಗಬೇಕ್ರಿ. ಮಧ್ಯಾಹ್ನ ದಾಟಿದ ಮ್ಯಾಲ ನಾವು ಉಣ್ಣೂದಿಲ್ಲ.”

ಚಿದಾನಂದ ಅಜ್ಜಾರ ಕಡೆ ಓಡಿದ.

“ನಂದು ಲಿಂಗಪೂಜಿನ ಆಗಿಲ್ಲೋ ತಮ್ಮಾ,” ಎಂದರು ಅಜ್ಜಾರು. “ಬರೋ ದಾರ್ಯಾಗ ಗಾಡಿ ಪಂಕ್ಚರ್ ಆಗಿ ತಡಾ ಆತು. ಪೂಜಿ ಮುಗಿಯೂದ್ರಾಗ ಒಂದು ಹೊಡೀತೈತಿ.”

ಅಲ್ಲಿಂದ ಅಡುಗೆಮನೆಗೆ ಓಡಿದರೆ ಪಾರಿಸಪ್ಪನವರು ಆಗಲೇ ಪಲ್ಯದ ಪಾತ್ರೆಯೊಳಗೆ ಇಣುಕುತ್ತಿದ್ದರು. “ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡಿ. ಮುಂಜಾನೆ ನಾ ಗಡ್ಡಿ ಬಗ್ಗೆ ಅಷ್ಟೊತ್ತು ಮಾತಾಡಿದ್ದು ಇದಕ್ಕರಿ.”

ಅಡುಗೆಯ ಸುಂದರವ್ವ ಸೌಟು ಕೆಳಗಿಟ್ಟಳು. “ಇದನ್ನ ನಿನ್ನೆ ಹೇಳಬೇಕಿಲ್ಲೇನ್ರಿ ಮಾಸ್ತರ? ಹೋಗ್ರಿ, ಹೀರಿಕಾಯಿ ತರ್ರಿ. ಬ್ಯಾರೆ ಪಾತ್ರ್ಯಾಗ ಮಾಡ್ತೇನಿ.”

ಮಾರ್ಚ್ ತಿಂಗಳ ಬಿಸಿಲಲ್ಲಿ ಸಂತೆಗೆ ಓಡಿದ. ಬರುವಾಗ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಬರಿಗಾಲಲ್ಲಿ ಗೇಟು ಸೇರಿದಾಗ ಮೌಲ್ವಿ ಸಾಹೇಬರು ಎದುರಾದರು.

“ಇಷ್ಟ್ಯಾಕ ಓಡ್ಯಾಡಾಕತ್ತೀರಿ? ನಂದಂತೂ ರೋಜಾ ಐತ್ರಿ. ಹೊತ್ತು ಮುಳುಗಿದ ಮ್ಯಾಲ ಊಟ.”

“ಹೊತ್ತು ಮುಳುಗಿದ ಮ್ಯಾಲ ನಾ ನೀರೂ ಮುಟ್ಟೂದಿಲ್ರಿ,” ಎಂದರು ಹಿಂದಿನಿಂದ ಪಾರಿಸಪ್ಪನವರು.

ಚಿದಾನಂದ ಸೂರ್ಯನನ್ನು ನೋಡಿದ. ಆರು ವರ್ಷ ಅವನು ಕಲಿಸಿದ ಪುಸ್ತಕದಲ್ಲಿ ಧರ್ಮಗಳನ್ನು ಹೋಲಿಸಲು ಆತ್ಮ, ಕರ್ಮ, ಮೋಕ್ಷ ಎಂಬ ಅಧ್ಯಾಯಗಳಿದ್ದವು. ಊಟದ ವೇಳೆ ಎಂಬ ಅಧ್ಯಾಯ ಇರಲಿಲ್ಲ.

ಭಂತೆ ಹನ್ನೆರಡರೊಳಗೆ ಒಬ್ಬರೇ ಉಂಡರು. ಅಜ್ಜಾರು ಮತ್ತು ಪಾರಿಸಪ್ಪನವರು ಎರಡಕ್ಕೆ ಉಂಡರು. ಬಡಿಸುವ ಗಡಿಬಿಡಿಯಲ್ಲಿ ಅರ್ಧ ಪಾತ್ರೆ ಸಾರು ಚಿದಾನಂದನ ಅಂಗಿಯ ಮೇಲೆ ಬಿತ್ತು. ನಾಲ್ಕು ಗಂಟೆಗೆ ಫೋಟೋಗ್ರಾಫರ್ ಯುವರಾಜ ಗಡಿಯಾರ ತೋರಿಸಿದ.

“ಸರ, ಚಿಮ್ಮಡದಾಗ ನಂದೊಂದು ಬಸುರಿ ಕುಬುಸದ ಫೋಟೋ ಆರ್ಡರ್ ಐತಿ. ನಾಲ್ಕೂ ಮಂದೀನ ಎಲಿ ಮುಂದ ಕೂಡಸ್ರಿ. ಉಣ್ಣೂದ ಬ್ಯಾಡ, ತುತ್ತು ಎತ್ತಿದಂಗ ಮಾಡಿದ್ರ ಸಾಕು.”

ಚಿದಾನಂದ ಕೈ ಮುಗಿದು ಕೇಳಿಕೊಂಡ.

“ಉಣ್ಣದ ಉಂಡಂಗ ತೋರ್ಸೂದು ಸುಳ್ಳಾತಲ್ರಿ,” ಎಂದರು ಭಂತೆ. “ಪಂಚಶೀಲಕ್ಕ ಒಪ್ಪೂದಿಲ್ಲ.”

“ನಮ್ಮ ಅಣುವ್ರತದಾಗೂ ಅದ ಐತಿ,” ಎಂದರು ಪಾರಿಸಪ್ಪನವರು.

“ಸುಳ್ಳಿಗೆ ಶಿವ ಒಲಿಯೂದಿಲ್ಲೋ ತಮ್ಮಾ,” ಎಂದರು ಅಜ್ಜಾರು.

“ಸುಳ್ಳು ಬಿಡದ ಬರೇ ಅನ್ನಾ ಬಿಟ್ರ ಅದು ರೋಜಾನ ಅಲ್ರಿ,” ಎಂದರು ಮೌಲ್ವಿ ಸಾಹೇಬರು.

ಬೆಳಿಗ್ಗೆಯಿಂದ ಒಂದು ಮಾತಿಗೂ ಒಂದಾಗದ ನಾಲ್ವರು ಕೊನೆಗೂ ಒಂದಾದರು, ಅದೂ ಚಿದಾನಂದನ ಕಾಯಂ ಆರ್ಡರಿಗೆ ಅಡ್ಡವಾಗಿ. ಅವನಿಗೆ ಕಣ್ಣು ಕತ್ತಲಿಟ್ಟಿತು. ಹಾಸಿದ ಜಮಖಾನದ ಮೇಲೆ ಕುಸಿದು ಕುಳಿತ.

ಮೌಲ್ವಿ ಸಾಹೇಬರು ಬಗ್ಗಿ ಅವನ ಮುಖ ನೋಡಿದರು. “ಮಾಸ್ತರ, ನೀವು ಉಂಡದ್ದು ಯಾವಾಗ?”

“ನಿನ್ನೆ ರಾತ್ರಿರಿ.”

ಮುಂದೆ ಯಾರೂ ಯಾರನ್ನೂ ಕೇಳಲಿಲ್ಲ. ಭಂತೆ ಎಲೆ ಹಾಸಿದರು. ಅಜ್ಜಾರು ರೊಟ್ಟಿ ಇಟ್ಟರು, ಪಾರಿಸಪ್ಪನವರು ಹೀರೇಕಾಯಿ ಪಲ್ಯ ಬಡಿಸಿದರು, ತುಟಿ ಒಣಗಿದ್ದ ಮೌಲ್ವಿ ಸಾಹೇಬರು ನೀರು ಕೊಟ್ಟರು. ಚಿದಾನಂದನಿಗೆ ಅಳು ಬಂತು. ಆರು ವರ್ಷದಲ್ಲಿ ಆ ಕಾಲೇಜಿನಲ್ಲಿ ಅವನನ್ನು ಅತಿಥಿಯಂತೆ ನಡೆಸಿಕೊಂಡದ್ದು ಅದೇ ಮೊದಲು. ಅಳುತ್ತಲೇ ಮೂರು ರೊಟ್ಟಿ ಉಂಡ. ಯುವರಾಜ ಫೋಟೋ ತೆಗೆದು, ಪೇಪರಿನವರಿಗೆ ಕಳಿಸಿ, ಚಿಮ್ಮಡಕ್ಕೆ ಹೋದ.

ಮರುದಿನ ಗಿರಿಮಲ್ಲಪ್ಪನವರು ಪೇಪರು ಹಿಡಿದು ಬಾಗಿಲಲ್ಲೇ ನಿಂತಿದ್ದರು. “ಭಾಳ ಛಲೋ ಮಾಡಿದಿ. ನಾಲ್ಕೂ ಮಂದಿ ಒಂದ ಸಾಲಿನ್ಯಾಗ. ನಮ್ಮ ಸಂಸ್ಥಾದ ಚೇರ್ಮನ್ನರು ಮುಂಜಾನಿಂದ ಮೂರು ಸಲ ಫೋನ್ ಮಾಡ್ಯಾರ. ರಿಪೋರ್ಟಿಗೆ ಇದನ್ನ ಹಾಕ್ತೇನಿ.”

ಫೋಟೋದಲ್ಲಿ ಬರಿಗಾಲು, ಸಾರು ಮೆತ್ತಿದ ಅಂಗಿ, ಒದ್ದೆ ಕಣ್ಣು ಎಲ್ಲವೂ ಸ್ಪಷ್ಟವಾಗಿದ್ದವು. ಕೆಳಗೆ ಪೇಪರಿನವರು ತಾವೇ ಬರೆದಿದ್ದರು: ‘ಹಸಿದ ನಿರ್ಗತಿಕನಿಗೆ ನಾಲ್ಕು ಧರ್ಮಗಳ ಗುರುಗಳಿಂದ ಅನ್ನದಾನ’.

“ಸರ, ಇದು ನಾ.”

“ಗೊತ್ತೈತಿ. ಅದಕ್ಕ ಸ್ಟಾಫ್ ಪಟ್ಟಿಯಿಂದ ನಿನ್ನ ಹೆಸರು ತಗದೇನಿ. ಕಮಿಟಿಯವ್ರು ಗುರ್ತ ಹಿಡಿದ್ರ, ನಿಮ್ಮ ಮಾಸ್ತರಿಗೆ ಊಟಾನೂ ಹಾಕೂದಿಲ್ಲೇನು ಅಂತ ಕೇಳ್ತಾರ.”

 ಚಿದಾನಂದನಿಗೆ ಹೇಳಲು ಹೊಳೆದದ್ದು ನಿನ್ನೆ ಕೇಳಿದ ಒಂದೇ ಮಾತು. “ಅದು ಸುಳ್ಳಾಗತೈತಲ್ರಿ ಸರ.”

ಗಿರಿಮಲ್ಲಪ್ಪನವರು ಶಾಂತವಾಗಿ ಪೇಪರು ಮಡಚಿದರು.

“ಸುಳ್ಳ ಹೆಂಗ ಆಗತೈತೋ? ಪಟ್ಟಿಯಿಂದ ಹೆಸರು ಹೋದ ಮ್ಯಾಲ ನೀ ಖರೇನ ನಿರ್ಗತಿಕ ಆದಿಯಲ್ಲ.”