ನಿಂಬೆಹಣ್ಣಿನ ಲಾರಿ ಮೇಲೊಂದು ಸೈಕಲ್

ಇಂಡಿ ತಾಲೂಕಿನ ನಿಂಬೆಹಣ್ಣು ತುಂಬಿಕೊಂಡು ಸೋಮನಿಂಗನ ಲಾರಿ ಬೊಂಬಾಯಿಗೆ ಹೊರಟಿತ್ತು. ಅದರಲ್ಲಿ ವಿಶೇಷವೇನೂ ಇಲ್ಲ. ವಿಶೇಷವಿದ್ದದ್ದು ಹಣ್ಣಿನ ಚೀಲಗಳ ಮೇಲೆ ಹಗ್ಗ ಬಿಗಿದು ಮಲಗಿಸಿದ್ದ ಸೈಕಲ್ಲಿನಲ್ಲಿ. ಎದುರು ಬಂದ ಡ್ರೈವರುಗಳೆಲ್ಲ ಹಾರ್ನ್ ಬಾರಿಸಿ ನಕ್ಕರು. "ಸೋಮನಿಂಗಾ, ಲಾರಿ ಮರಿ ಹಾಕೇತೇನೋ?" ಎಂದು ಒಬ್ಬ ಕೇಳಿಯೂಬಿಟ್ಟ. ಸೋಮನಿಂಗ ಗೇರು ಬದಲಿಸಿ ಮುಂದೆ ಹೋದ. ಹೆಂಡತಿ ತವರು ಸೇರಿ ಕೂತಾಗ ಗಂಡಸಿಗೆ ಯಾವ ಚೇಷ್ಟೆಯೂ ರುಚಿಸುವುದಿಲ್ಲ.

ನಾಗರಪಂಚಮಿಗೆಂದು ತವರಿಗೆ ಹೋದ ರೇಣವ್ವ ದೀಪಾವಳಿ ಮುಗಿದರೂ ಬಂದಿರಲಿಲ್ಲ. ಯಾಕೆಂದು ಹೇಳಿ ಕಳಿಸಿ ಕೇಳಿದರೆ, "ಅವರಿಗೇ ಗೊತ್ತೈತಿ" ಎಂಬ ಉತ್ತರ ಬರುತ್ತಿತ್ತು. ಅವರಿಗೆ ಗೊತ್ತಿರಲಿಲ್ಲ. ಮನೆಗಿಂತ ಲಾರಿಯಲ್ಲೇ ಹೆಚ್ಚು ಇರುತ್ತೇನೆ, ಅದಕ್ಕೇ ಸಿಟ್ಟು ಎಂದು ಸೋಮನಿಂಗ ತಾನೇ ತೀರ್ಮಾನಿಸಿಕೊಂಡಿದ್ದ. ಇವತ್ತು ಹೇಗಾದರೂ ಅವಳನ್ನು ಒಲಿಸಿ, ಮನೆಗೆ ಬರುತ್ತೇನೆಂಬ ಮಾತು ಪಡೆಯಲೇಬೇಕಿತ್ತು. ಆದರೆ ಅವಳ ಊರು ಸೊಲ್ಲಾಪುರದ ಹೆದ್ದಾರಿಯ ಮೇಲಿನ ಝಳಕಿಯಿಂದ ಒಳಗೆ, ಎರೆಹೊಲಗಳ ನಡುವೆ. ದಾರಿ ಎಂದರೆ ಎತ್ತಿನ ಚಕ್ಕಡಿಯ ಜಾಡು. ಡಾಂಬರು ಬಿಟ್ಟು ಲಾರಿ ಇಳಿಸಿದರೆ ಕೆಲಸದಿಂದ ತೆಗೆಯುತ್ತೇನೆಂದು ಮಾಲೀಕ ಹೆದರಿಸಿದ್ದ. ಅದಕ್ಕೇ ಈ ಸೈಕಲ್.

ಝಳಕಿಯಲ್ಲಿ ಅಬ್ದುಲರಜಾಕನ ಚಹಾದಂಗಡಿಯ ಮುಂದೆ ಲಾರಿ ನಿಲ್ಲಿಸಿ, ಎಲ್ಲ ಡ್ರೈವರುಗಳೂ ಮಾಡುವಂತೆ ಕೀಲಿಕೈಯನ್ನು ಅವನ ಗೋಡೆಯ ಮೊಳೆಗೆ ತೂಗುಹಾಕಿ, ಸೈಕಲ್ ಇಳಿಸಿಕೊಂಡ.

ಅಷ್ಟು ದೊಡ್ಡ ಲಾರಿ ನಡೆಸುವವನಿಗೆ ಸೈಕಲ್ ಯಾವ ಲೆಕ್ಕ? ಹಾಗೆಂದುಕೊಂಡೇ ಅವನು ಜೋರಾಗಿ ತುಳಿದ. ಚಕ್ಕಡಿ ಕೊರೆದ ಜಾಡಿನಲ್ಲಿ ಮುಂದಿನ ಗಾಲಿ ಸಿಕ್ಕಿತು. ಸೈಕಲ್ ಒಂದು ಕಡೆ ಬಿತ್ತು, ಸೋಮನಿಂಗ ಜಾಲಿಕಂಟಿಯಲ್ಲಿ ಬಿದ್ದ. ಹಣೆ ಒಡೆಯಿತು, ಅಂಗಿ ಹರಿಯಿತು, ಹ್ಯಾಂಡಲ್ ಸೊಟ್ಟಗಾಯಿತು. ಟವೆಲ್ಲನ್ನು ತಲೆಗೆ ಸುತ್ತಿಕೊಂಡು, ಕುಂಟುತ್ತ, ಸೈಕಲ್ ನೂಕುತ್ತ ಊರ ಬಾವಿಯ ತನಕ ಬಂದ.

ಬಾವಿಯಲ್ಲಿ ನೀರು ಸೇದುತ್ತಿದ್ದ ಬಾಳಮ್ಮ ಮುದುಕಿ ಊರಿನ ಡ್ರೈವರ್ ಅಳಿಯನನ್ನು ನೋಡಿದಳು. ಹಣೆಯಲ್ಲಿ ನೆತ್ತರಿತ್ತು, ಹಿಂದೆ ಲಾರಿ ಇರಲಿಲ್ಲ. ಅಷ್ಟು ಸಾಕಾಯಿತು ಅವಳಿಗೆ. ಕೊಡ ಅಲ್ಲೇ ಬಿಟ್ಟು ಓಡಿದಳು.

"ಎವ್ವಾ ರೇಣವ್ವಾ, ನಿನ್ನ ಗಂಡನ ಲಾರಿ ಪಲ್ಟಿ ಆಗೇತವ್ವೋ! ಜೀವ ಒಂದು ಉಳದೈತಿ!"

ಸೋಮನಿಂಗ ಅತ್ತೆಯ ಮನೆ ಮುಟ್ಟುವಷ್ಟರಲ್ಲಿ ಅರ್ಧ ಊರು ಅಂಗಳದಲ್ಲಿತ್ತು. ಲಾರಿ ಭೀಮಾ ನದಿಗೆ ಬಿತ್ತೆಂದು ಒಬ್ಬ ಹೇಳಿದ. ಹೊಳೆಯ ತುಂಬ ನಿಂಬೆಹಣ್ಣು ತೇಲುತ್ತಿವೆಯೆಂದು ಇನ್ನೊಬ್ಬ ಸೇರಿಸಿದ. ಹೋದ ಸಲ ಅವನು ಬಂದಾಗ ನೀರಿನ ತಂಬಿಗೆಯನ್ನು ಕುಕ್ಕಿ ಹೋಗಿದ್ದ ಅತ್ತೆ ಸಾತವ್ವ ಈಗ ಕಣ್ಣೊರೆಸಿಕೊಳ್ಳುತ್ತ ಹಣೆಗೆ ಅರಿಷಿಣ ಮೆತ್ತಿದಳು.

"ಅತ್ತಿ, ಲಾರಿಗೆ ಏನೂ..."

"ಮಾತಾಡಬ್ಯಾಡ್ರಿ ಅಳಿಯಂದಿರ, ತಲಿಗಿ ಪೆಟ್ಟಾಗೇತಿ!"

ಮತ್ತೊಮ್ಮೆ ಬಾಯಿ ತೆರೆದ. ಅಷ್ಟರಲ್ಲಿ ರೇಣವ್ವ ತಾನೇ ಶೇಂಗಾ ಹೋಳಿಗೆಯ ತಾಟು ಹಿಡಿದು ಅಡುಗೆಮನೆಯಿಂದ ಬಂದಳು. ಅವಳ ಕಣ್ಣು ತುಂಬಿತ್ತು. ಸೋಮನಿಂಗನ ಎದೆ ಕರಗಿತು. ಲಾರಿ ಬಿದ್ದರೇ ಹೆಂಡತಿ ಒಲಿಯುವಳಾದರೆ ಸಂಜೆಯವರೆಗೆ ಬಿದ್ದೇ ಇರಲಿ ಎಂದುಕೊಂಡು ಹೋಳಿಗೆ ಮುರಿದ. ಊರಿನ ಯಾವ ಕೆಲಸವೂ ತಾನಿಲ್ಲದೆ ಆಗದೆಂದು ನಂಬಿದ್ದ ಚಿಕ್ಕಮಾವ ಅಪ್ಪಾಸಾಬ, "ನೀವು ಆರಾಮ ಇರ್ರಿ, ನಾ ಝಳಕಿಗಿ ಹೋಗಿ ಎಲ್ಲಾ ವ್ಯವಸ್ಥಾ ಮಾಡತೇನಿ" ಎಂದು ಹೊರಟದ್ದನ್ನು ತುಪ್ಪದ ಗುಂಗಿನಲ್ಲಿ ಅವನು ಕೇಳಿಸಿಕೊಳ್ಳಲೇ ಇಲ್ಲ.

ಮಾವ ಸಿದ್ದರಾಯ ಹತ್ತಿರ ಬಂದು ಕೂತ. "ಆಲಮಟ್ಟಿ ಆಣಿಕಟ್ಟಿನ ಆಫೀಸಿನ್ಯಾಗ ನಮ್ಮ ಬೀಗರು ಅದಾರ. ಟಪಾಲ ಒಯ್ಯಾಕ ಸೈಕಲ್ ಇದ್ದವರನ್ನ ಹುಡುಕಾಕತ್ತಾರ. ಅಲ್ಲೇ ಮನಿ ಮಾಡಿದರ ದಿನಾ ಸಂಜಿಕಿ ಮನಿಗೆ ಬರಬಹುದು ನೋಡ್ರಿ."

ಸೋಮನಿಂಗ ರೇಣವ್ವನಿಗೆ ಕೇಳಲೆಂದೇ ದನಿ ಏರಿಸಿದ. "ಆತ್ರಿ ಮಾವಾ! ಇನ್ನ ಲಾರಿ ಮುಟ್ಟಿದರ ನಾ ನಿಮ್ಮ ಅಳಿಯನ ಅಲ್ಲ!"

ರೇಣವ್ವನ ಮುಖ ಸಪ್ಪಗಾಯಿತು. ತಾಟು ಕೆಳಗಿಟ್ಟು ಹೇಳಿದಳು: "ಹಂಗಾದರ ನಾ ಬರಾಂಗಿಲ್ಲ."

"ಯಾಕ?"

"ಲಗ್ನ ಆದಾಗಿಂದ ಹೇಳಾಕತ್ತೇನಿ, ಒಮ್ಮೆ ಲಾರಿಯಾಗ ಕೂಡಿಸ್ಕೊಂಡು ಹೋಗಿ ಬೊಂಬಾಯಿ ಸಮುದ್ರ ತೋರಸ್ರಿ ಅಂತ. ಸುಗ್ಗಿ ಆಗಲಿ, ಹಬ್ಬ ಆಗಲಿ ಅಂತ ತಳ್ಳಿದ್ರಿ. ನಿಮ್ಮ ಅಕ್ಕನ್ನ ಮಾತ್ರ ಪಂಢರಪುರಕ್ಕ ಕರಕೊಂಡು ಹೋದ್ರಿ! ಸಿಟ್ಟ ಬರಾಂಗಿಲ್ಲೇನು?"

ಸೋಮನಿಂಗ ತಡಬಡಿಸಿ ಎದ್ದು ನಿಂತ. "ಲಾರಿ ಬಿದ್ದಿಲ್ಲ! ಝಳಕಿಯಾಗ ನೆಟ್ಟಗ ನಿಂತೈತಿ! ನಾ ಬಿದ್ದಿದ್ದು ಸೈಕಲ್ ಮ್ಯಾಲಿಂದ! ಇವತ್ತ ಬೊಂಬಾಯಿಗಿ ಹೊಂಟೇನಿ, ನಡಿ!"

ಸಾತವ್ವ ಉಳಿದ ಹೋಳಿಗೆಯನ್ನು ಒಳಗೆ ಒಯ್ದಳು. ಸಿದ್ದರಾಯ ಅಳಿಯನ ಕಡೆ ಬೆನ್ನು ತಿರುಗಿಸಿ ಎಲೆಅಡಿಕೆ ಹಾಕಿಕೊಂಡ. ರೇಣವ್ವ ಮಾತ್ರ ಯಾರ ಮುಖವನ್ನೂ ನೋಡದೆ ಗಂಟು ಕಟ್ಟಿಕೊಂಡು ಬಂದಳು. ಸೋಮನಿಂಗ ಹ್ಯಾಂಡಲ್ ನೆಟ್ಟಗೆ ಮಾಡಿಕೊಂಡ. ಅವಳು ಹಿಂದಿನ ಕ್ಯಾರಿಯರ್ ಮೇಲೆ ಕೂತು, ದಾರಿಯುದ್ದಕ್ಕೂ ಸಮುದ್ರದ ನೀರು ನಿಜಕ್ಕೂ ಉಪ್ಪೇ ಎಂದು ಕೇಳುತ್ತಲೇ ಇದ್ದಳು. ಸೋಮನಿಂಗ ಇಷ್ಟು ಸುಖವಾಗಿ ಯಾವ ಗಾಡಿಯನ್ನೂ ನಡೆಸಿರಲಿಲ್ಲ.

ಝಳಕಿಯ ಚಹಾದಂಗಡಿಯ ಮುಂದೆ ಲಾರಿ ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆಯಿತ್ತು, ಬೆಂಚಿನ ಮೇಲೆ ಚಿಕ್ಕಮಾವ ಅಪ್ಪಾಸಾಬ ಕಪ್ಪಿನಿಂದ ಬಶಿಗೆ ಸುರಿದುಕೊಂಡು ಚಹಾ ಹೀರುತ್ತಿದ್ದ.

"ಅಳಿಯಂದಿರ, ಶುಭ ಸುದ್ದಿ! ಲಾರಿ ಬಿದ್ದೇ ಇಲ್ಲ, ಇಲ್ಲೇ ನಿಂತಿತ್ತು! ತಲಿಗಿ ಪೆಟ್ಟಾಗಿ ನಿಮಗ ಮರವು ಬಂದೈತಿ. ಪುಣ್ಯಾಕ ನಿಮ್ಮ ಮಾಲಕರ ಇನ್ನೊಬ್ಬ ಡ್ರೈವರ್ ಮಾನಪ್ಪ ಇಲ್ಲೇ ಚಾ ಕುಡ್ಯಾಕತ್ತಿದ್ದ. ಹಣ್ಣು ಕೊಳೀತಾವಂತ ಕೀಲಿಕೈ ಅವನ ಕೈಯಾಗ ಕೊಟ್ಟು ಬೊಂಬಾಯಿಗಿ ಕಳಿಸೇನಿ."

"ಮಾಲಕರಿಗೆ ಗೊತ್ತಾದರ..."

"ಪೋಸ್ಟಿನ್ಯಾಗಿಂದ ಫೋನ್ ಹಚ್ಚಿ ಅವರಿಗೂ ಹೇಳೇನಿ. ಪಾಪ, ಇವರ ತಲಿ ಸುದ್ದ ಇಲ್ಲ, ಇನ್ನ ಇವರ ಕೈಯಾಗ ಲಾರಿ ಕೊಡಬ್ಯಾಡ್ರಿ ಅಂದೆ. ಹೂಂ ಅಂದ್ರು."

ಲಾರಿ ಹೋಗಿತ್ತು, ಕೆಲಸ ಹೋಗಿತ್ತು, ಮಾವನ ಮನೆಯ ಬಾಗಿಲೂ ಮುಚ್ಚಿತ್ತು. ಸೈಕಲ್ ಹಿಡಿದು ನಿಂತ ಸೋಮನಿಂಗ ಮೆಲ್ಲಗೆ ಹೆಂಡತಿಗೆ, "ಇಳಿ" ಎಂದ.

ರೇಣವ್ವ ಗಂಟನ್ನು ಮಡಿಲಿಗೆ ಇನ್ನಷ್ಟು ಒತ್ತಿಕೊಂಡಳು. ಸೊಲ್ಲಾಪುರದ ಕಡೆ ಉದ್ದಕ್ಕೆ ಬಿದ್ದಿದ್ದ ಡಾಂಬರು ರಸ್ತೆಯನ್ನೊಮ್ಮೆ ನೋಡಿದಳು.

"ನಾ ಇಳ್ಯಾಂಗಿಲ್ಲ. ಬೊಂಬಾಯಿ ಈ ಕಡೆನ ಅಲ್ಲೇನ್ರಿ? ತುಳೀರಿ."