ಆಫ್ರಿಕಾಕ್ಕೆ ಗಂಡು ನೋಡಿದ ಅತ್ತಜ್ಜಿ

ನಿಮ್ಮ ಅತ್ತಜ್ಜಿ ಒಂದೇ ನೋಟಕ್ಕೆ ಒಪ್ಪುವಂಥ ಮನುಷ್ಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಮಕ್ಕಳೇ. ಹುಟ್ಟಿದ್ದರೂ ಅವನು ಯಲಹಂಕದ ಕಡೆ ತಲೆ ಹಾಕಿಲ್ಲ!

ಅವಳು ನಿಮ್ಮ ತಾತನ ತಂಗಿ, ನನ್ನ ನಾದಿನಿ. ನಿಮ್ಮ ಅಮ್ಮನಿಗೆ ಅತ್ತೆ, ಹಾಗಾಗಿ ನಿಮಗೆ ಅತ್ತಜ್ಜಿ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದೆನೆಂದು ಗೊತ್ತಾದರೆ ಈ ಹಾಳೆಗಳನ್ನು ಕಿತ್ತುಕೊಂಡು ಕೆಂಪು ಪೆನ್ನಿನಲ್ಲಿ ತಿದ್ದಿ, ನೂರಕ್ಕೆ ಮೂವತ್ತೈದು ಕೊಟ್ಟು ವಾಪಸು ಮಾಡುತ್ತಾಳೆ. ಸರ್ಕಾರಿ ಶಾಲೆಯಲ್ಲಿ ಡ್ರಿಲ್ ಮೇಡಂ ಆಗಿದ್ದವಳಿಗೆ ಕೆಂಪು ಪೆನ್ನು ಯಾಕೆ ಬೇಕಿತ್ತೋ, ದೇವರಿಗೇ ಗೊತ್ತು.

ತಾನು ಮದುವೆಯಾಗಲಿಲ್ಲ. ಆದರೆ ನಮ್ಮ ಬಳಗದ ಯಾವ ಹುಡುಗಿಗೆ ಗಂಡು ಬಂದರೂ ಮೊದಲು ನಿಮ್ಮ ಅತ್ತಜ್ಜಿ ಹೋಗಿ ನೋಡಿ ಬರಬೇಕು. ಜಾತಕ ಕೂಡಿಬಂದರೂ ಅತ್ತಜ್ಜಿ ಕೂಡಿಬರದಿದ್ದರೆ ಮದುವೆ ಇಲ್ಲ! ಅವಳದ್ದೊಂದು ಕ್ರಮವಿದೆ. ಹೇಳದೆ ಕೇಳದೆ ಹೋಗಬೇಕು. ನೆಂಟರನ್ನು ವಿಚಾರಿಸಬಾರದು, ಬೀದಿ ಕೊನೆಯ ಇಸ್ತ್ರಿಯವನನ್ನು ವಿಚಾರಿಸಬೇಕು. ಒಳಗೆ ಹೋದ ಮೇಲೆ ನೀರು ಕೇಳಿ, ಲೋಟದ ತಳ ನೋಡಬೇಕು. ಹುಡುಗ ಅವನಮ್ಮನನ್ನು ಹೇಗೆ ಕೂಗುತ್ತಾನೆ ಎಂದು ಕಿವಿಗೊಟ್ಟು ಕೇಳಬೇಕು. ಸಂಬಳ, ಸೈಟು, ಕಾರು ಎಲ್ಲ ಆಮೇಲೆ.

ನಿಮ್ಮ ಅಪ್ಪನೂ ಈ ಪರೀಕ್ಷೆ ಬರೆದವನೇ. ಅವಳು ಹೋದಾಗ ಅವನು ಬನಿಯನ್ನಿನಲ್ಲಿ ನೆಲದ ಮೇಲೆ ಕೂತು ಅಮ್ಮನಿಗೆ ಅವರೆಕಾಯಿ ಸುಲಿದು ಕೊಡುತ್ತಿದ್ದನಂತೆ. ಅಷ್ಟೇ, ಪಾಸು! ಮೂವತ್ತೊಂದು ಗಂಡುಗಳನ್ನು ನೋಡಿ ಅವಳು ಪಾಸು ಮಾಡಿದ್ದು ನಾಲ್ಕೇ ನಾಲ್ಕು. ಆ ನಾಲ್ಕೂ ಮನೆಗಳು ಚೆನ್ನಾಗಿವೆ. ಅದೇ ಅವಳ ಸೊಕ್ಕಿಗೆ ಕಾರಣ.

ಈಗ ಆಫ್ರಿಕಾದ ವಿಷಯಕ್ಕೆ ಬರುತ್ತೇನೆ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳಿಗೆ ಟೀವಿಯಲ್ಲಿ ಪ್ರಾಣಿಗಳು ಬೇಕು. ಅದರಲ್ಲೂ ಲಕ್ಷಾಂತರ ಕಾಡುದನಗಳು ಹುಲ್ಲು ಹುಡುಕಿಕೊಂಡು ನದಿ ದಾಟುತ್ತವಲ್ಲ, ಅದು ಬಂದರೆ ಸಾರು ಆರಿದ್ದೂ ತಿಳಿಯುವುದಿಲ್ಲ. ಎಲ್ಲ ದಡಕ್ಕೆ ಬಂದು ನಿಲ್ಲುತ್ತವೆ, ಒಂದನ್ನೊಂದು ನೂಕುತ್ತವೆ, ಯಾವುದೂ ಮೊದಲು ಇಳಿಯುವುದಿಲ್ಲ. "ನೋಡಿ ಅತ್ತಿಗೆ, ಥೇಟ್ ನಮ್ಮ ಮದುವೆ ಮನೆ ಊಟದ ಹಾಲ್! ಬಾಗ್ಲು ತೆಗೆಯೋದೇ ಕಾಯ್ತವೆ. ಆ ಹಿಂದ್ಗಡೆ ನಿಂತಿರೋದು ಮಾಕಳಿ ಮಾವ ಇದ್ದಂಗಿಲ್ವಾ?" ಎನ್ನುತ್ತಾಳೆ. ನೋಡಿದರೆ ನಿಜಕ್ಕೂ ಹಾಗೇ ಇರುತ್ತದೆ, ಏನು ಮಾಡಲಿ!

ಒಂದು ದಿನ ಮುದ್ದೆ ಮುರಿಯುತ್ತಾ ಹೇಳಿದಳು: "ಅತ್ತಿಗೆ, ಪಾಸ್‌ಪೋರ್ಟ್ ಮಾಡಿಸ್ಬೇಕು."

"ಯಾರಿಗೆ?"

"ನಿಮಗೆ. ನಂದು ಆಗ್ಲೇ ಬಂತು. ಕೀನ್ಯಾಗೆ ಹೋಗೋಣ. ಈ ದನ ನದಿ ದಾಟೋದನ್ನ ಕಣ್ಣಾರೆ ನೋಡ್ಬೇಕು ನಾನು."

"ನಾನು ಬರಲ್ಲಮ್ಮ" ಎಂದೆ. ಅವಳಿಗಲ್ಲ, ಸಾರಿನ ಪಾತ್ರೆಗೆ.

"ಅಲ್ಲಿ ಮಲಗೋದು ಡೇರೇಲಿ, ಒಂದೊಂದಕ್ಕೆ ಇಬ್ಬಿಬ್ರು. ಗೊತ್ತಿಲ್ದೋರ ಜೊತೆ ನಾನು ಮಲಗಲ್ಲ. ನೀವು ಬಂದ್ರೆ ಹೋಗೋದು, ಇಲ್ದಿದ್ರೆ ಇಲ್ಲ."

ನೋಡಿ, ಎಂಥ ಇಕ್ಕಟ್ಟು! ಅರವತ್ತೆರಡು ವರ್ಷದ ಹೆಂಗಸಿನ ಜೀವಮಾನದ ಆಸೆ ನನ್ನ ಒಂದು 'ಹೂಂ' ಮೇಲೆ ನಿಂತಿತು. ನನಗೋ ಎಪ್ಪತ್ತನಾಲ್ಕು. ನಿಮ್ಮ ತಾತ ಹೋದ ಮೇಲೆ ಎರಡು ವರ್ಷದಿಂದ ಗೇಟಿನಾಚೆ ಕಾಲಿಟ್ಟಿದ್ದೇ ಕಡಿಮೆ. ನನಗೆ ಸಿಂಹದ ಭಯವಿಲ್ಲ. ಅದು ಬಂದರೆ ತಿನ್ನುತ್ತದೆ, ಪ್ರಶ್ನೆ ಕೇಳುವುದಿಲ್ಲ. ಏರ್‌ಪೋರ್ಟಿನಲ್ಲಿ ಗಾಜಿನ ಹಿಂದೆ ಕೂತವರು ಕೇಳುತ್ತಾರಂತಲ್ಲ, ಯಾಕೆ ಹೋಗ್ತಿದೀರಿ, ಎಲ್ಲಿ ಇರ್ತೀರಿ ಅಂತ? ಏಳನೇ ಕ್ಲಾಸಿನಲ್ಲಿ ಇನ್‌ಸ್ಪೆಕ್ಟರು ಹೆಸರು ಕೇಳಿದಾಗ ಅತ್ತುಬಿಟ್ಟವಳು ನಾನು.

ಬರುತ್ತೇನೆ ಎನ್ನಲು ಧೈರ್ಯವಿಲ್ಲ, ಬರುವುದಿಲ್ಲ ಎಂದು ಗಟ್ಟಿಯಾಗಿ ಹೇಳಲು ಬಾಯಿಲ್ಲ. ಅವಳು ಅದನ್ನೇ ಒಪ್ಪಿಗೆ ಎಂದುಕೊಂಡಳು. "ನಿಮ್ಮ ವಿಷ್ಯ ಆಮೇಲೆ ನೋಡೋಣ. ಮೊದ್ಲು ಗಂಡು ನೋಡೋಣ" ಎಂದಳು.

ಗಂಡು ಎಂದರೆ ಟೂರ್ ಕಂಪನಿ!

ನಿಮ್ಮ ಅಮ್ಮ ಫೋನ್ ಮಾಡಿ, "ಅತ್ತೆ, ಈಗೆಲ್ಲ ನೆಟ್ಟಲ್ಲಿ ರೇಟಿಂಗ್ ಇರತ್ತೆ. ಸ್ಟಾರ್ ನೋಡಿ ಬುಕ್ ಮಾಡೋದಷ್ಟೇ" ಎಂದಳು.

"ನಿನ್ನ ಗಂಡನ್ನ ಸ್ಟಾರ್ ನೋಡಿ ತಂದ್ನೇನೇ? ಇಡು ಫೋನು."

ಮೊದಲನೆಯ ಗಂಡು ಆರ್.ಟಿ. ನಗರದ್ದು. ಹೋದರೆ ಏನು ಆಫೀಸು ಅಂತೀರಿ! ಗೋಡೆ ತುಂಬ ಬಾಯಿ ತೆರೆದ ಸಿಂಹ, ಎ.ಸಿ. ಚಳಿಗೆ ಸಿಂಹವೇ ಆಕಳಿಸುತ್ತಿರುವ ಹಾಗಿತ್ತು. ಕೋಟು ಹಾಕಿದ ಮಹಾರಾಯ ಒಂದು ನಿಮಿಷವೂ ಉಸಿರು ಬಿಡಲಿಲ್ಲ.

"ಮೇಡಂ, ನಮ್ಮಲ್ಲಿ ಬಿಗ್ ಫೈವ್ ಗ್ಯಾರಂಟಿ. ಸಿಂಹ, ಆನೆ, ಚಿರತೆ, ಘೇಂಡಾಮೃಗ, ಕಾಡೆಮ್ಮೆ. ಐದೂ ತೋರಿಸ್ತೀವಿ, ಹಂಡ್ರೆಡ್ ಪರ್ಸೆಂಟ್."

"ಎಮ್ಮೆ ನೋಡೋಕೆ ಅಷ್ಟು ದೂರ ಯಾಕ್ ಹೋಗ್ಬೇಕಪ್ಪ? ಇರ್ಲಿ. ಸಿಂಹ ಎಷ್ಟೊತ್ತಿಗೆ ಬರತ್ತೆ?"

"ಬೆಳಗ್ಗೆ ಆರೂವರೆಗೆಲ್ಲ ಬಂದ್ಬಿಡತ್ತೆ ಮೇಡಂ!"

"ಯಾಕೆ, ಹಾಲು ಹಾಕೋಕಾ?" ಎಂದು ಎದ್ದೇಬಿಟ್ಟಳು. ಹೊರಗೆ ಬಂದು ಮೆಟ್ಟಿಲ ಮೇಲೆ ತೀರ್ಪು ಕೊಟ್ಟಳು: "ಹುಡುಗ ಟೀ ಕೂಡ ಕುಡಿಯಲ್ಲ ಅಂತ ಬ್ರೋಕರ್‌ಗಳು ಹೇಳ್ತಾರಲ್ಲ, ಆ ಜಾತಿ. ಫೇಲು."

ಎರಡನೆಯದು ಕೆಂಪಾಪುರದಲ್ಲಿ. ಕೆಳಗೆ ಆಫೀಸು, ಮೇಲೆ ಮನೆ. ಆ ಮನುಷ್ಯ ಮೆತ್ತಗೆ ಮಾತಾಡಿದ. ಲೋಟವೂ ಬೆಳಗಿದ ಲೋಟವೇ. ಇಸ್ತ್ರಿಯವನು ಮೊದಲೇ "ಒಳ್ಳೆ ಜನ ಕಣಮ್ಮ" ಎಂದು ಸರ್ಟಿಫಿಕೇಟು ಕೊಟ್ಟಿದ್ದ. ನಾನು ಇನ್ನೇನು ನನ್ನ ಕುತ್ತಿಗೆಗೆ ಬಂತು ಎಂದುಕೊಂಡೆ. ಅಷ್ಟರಲ್ಲಿ ಇವಳು, "ನಿಮ್ಮ ತಾಯಿಯವ್ರು ಇದಾರಾ? ನೋಡ್ಬಹುದಾ?" ಎಂದಳು.

ಪಾಪ, ಅವನು ಗಾಬರಿಯಾದ. ಸಿಂಹ ನೋಡುವುದಕ್ಕೂ ಅವನ ತಾಯಿಯನ್ನು ನೋಡುವುದಕ್ಕೂ ಏನು ಸಂಬಂಧ? ಆದರೂ ಮೇಲೆ ಕರೆದುಕೊಂಡು ಹೋದ. ಮುದುಕಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಇವಳು ಪಕ್ಕದಲ್ಲಿ ಕೂತು ತಾನೂ ಎರಡು ಕಡ್ಡಿ ಬಿಡಿಸುತ್ತಾ ಶುರು ಮಾಡಿದಳು.

"ಮಗ ದೇಶದೇಶ ಸುತ್ತಿಸ್ತಾರೆ. ನೀವು ಎಲ್ಲೆಲ್ಲಿ ಹೋಗ್ಬಂದ್ರಿ ಅಮ್ಮ?"

"ನಾನಾ? ಶಿವಗಂಗೆಗೆ ಕರ್ಕೊಂಡೋಗೋ ಅಂತ ಆರು ವರ್ಷದಿಂದ ಬಡ್ಕೋತಾ ಇವ್ನಿ ಕಣವ್ವ. ಇಂಗೆ ಹೋಗಿ ಅಂಗೆ ಬರೋ ದಾರಿ. ಸೀಜನ್ನು ಅಮ್ಮ, ಸೀಜನ್ನು ಅಮ್ಮ ಅಂತಾನೆ."

ಫೇಲು! ಅಷ್ಟಕ್ಕೇ ಬಿಟ್ಟಳೇ? ಅವನನ್ನು ನಿಲ್ಲಿಸಿಕೊಂಡು, "ಭಾನ್ವಾರ ಅಮ್ಮನ್ನ ಬೆಟ್ಟಕ್ಕೆ ಕರ್ಕೊಂಡು ಹೋಗಿ, ಫೋಟೋ ಕಳ್ಸಿ" ಎಂದು ನಂಬರು ಕೊಟ್ಟು ಬಂದಳು. ಭಾನುವಾರ ಮಧ್ಯಾಹ್ನ ಫೋಟೋ ಬಂತು ನೋಡಿ! ಬೆಟ್ಟದ ಬುಡದಲ್ಲಿ ಮುದುಕಮ್ಮ ಕಬ್ಬಿನಹಾಲು ಕುಡಿಯುತ್ತಿದ್ದರು. "ಹಾಗಾದ್ರೆ ಈಗ ಪಾಸಾ?" ಎಂದು ಕೇಳಿದೆ. "ಹೇಳಿಸ್ಕೊಂಡು ಮಾಡಿದ್ದಕ್ಕೆ ಮಾರ್ಕ್ಸ್ ಇಲ್ಲ" ಎಂದಳು.

ಗಂಡು ಸಿಕ್ಕದಿದ್ದರೂ ಮದುವೆಯ ಸಿದ್ಧತೆ ಜೋರಾಗಿತ್ತು. ನನ್ನ ಪಾಸ್‌ಪೋರ್ಟೂ ಬಂತು, ದುರ್ಬೀನೂ ಬಂತು. ದಿನಾ ಬೆಳಗ್ಗೆ ಪುಟ್ಟೇನಹಳ್ಳಿ ಕೆರೆಗೆ ಹೋಗಿ ಅಭ್ಯಾಸ. ಹಕ್ಕಿ ನೋಡುತ್ತಾಳೆ ಎಂದುಕೊಂಡಿರಾ? "ಅತ್ತಿಗೆ, ಆ ನೀಲಿ ಟೀ ಶರ್ಟ್ ಹುಡುಗ ನಾಯಿ ಹಿಡ್ಕೊಂಡಿರೋದು ನೋಡಿ. ಹಗ್ಗ ಎಳೀತಿಲ್ಲ, ಅದು ಮೂಸೋವರೆಗೂ ನಿಂತ್ಕೋತಾನೆ. ಹೆಂಡ್ತಿನ ಚೆನ್ನಾಗಿ ನೋಡ್ಕೋತಾನೆ. ಯಾರ ಮನೆಯವನೋ ವಿಚಾರಿಸ್ಬೇಕು" ಎಂದಳು. ಕೆರೆಯ ತುಂಬ ಇದ್ದ ಕೊಕ್ಕರೆಗಳು ಮರ್ಯಾದೆ ಹೋದ ಹಾಗೆ ಮುಖ ಬೇರೆ ಕಡೆ ತಿರುಗಿಸಿಕೊಂಡವು.

ಹೀಗೆ ಏಳು ಕಂಪನಿ ಫೇಲಾದವು. ಒಂದು, ಚಪ್ಪಲಿ ಸ್ಟ್ಯಾಂಡು ಗಲೀಜಾಗಿತ್ತೆಂದು. ಇನ್ನೊಂದು, ಮಾಲೀಕ ಆಫೀಸಿನ ಹುಡುಗಿಯನ್ನು 'ಏಯ್' ಎಂದು ಕರೆದನೆಂದು. ಒಂದೊಂದು ಫೇಲಾದಾಗಲೂ ನಾನು ಮನೆಗೆ ಬಂದು ದೇವರಿಗೆ ಒಂದು ಊದುಬತ್ತಿ ಹೆಚ್ಚಿಗೆ ಹಚ್ಚುತ್ತಿದ್ದೆ. ಗಂಡೇ ಒಪ್ಪಿಗೆಯಾಗದಿದ್ದರೆ ನಾನು 'ಹೂಂ' ಎನ್ನುವ ಪ್ರಮೇಯವೇ ಇಲ್ಲವಲ್ಲ!

ಎಂಟನೆಯದು ಯಶವಂತಪುರ. ಮೋಟಾರ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ, ಎರಡು ಮೇಜು, ಗೋಡೆಗೆ ಒಂದು ಹಳೆಯ ನಕ್ಷೆ. ಸಿಂಹದ ಸುಳಿವೇ ಇಲ್ಲ. ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಕೂತಿದ್ದಳು. ಕೆಳಗಿನ ರಿಪೇರಿಯವನನ್ನು ಇವಳು ಆಗಲೇ ವಿಚಾರಿಸಿದ್ದಳು. "ಅಕ್ಕನಾ? ಇರೋದನ್ನ ಇದ್ದಂಗೆ ಹೇಳ್ತಾರೆ, ಅದಕ್ಕೇ ಗಿರಾಕಿ ಕಮ್ಮಿ" ಎಂದಿದ್ದ ಅವನು. ಇವತ್ತು ನನ್ನ ಊದುಬತ್ತಿಗೆ ಕೆಲಸವಿಲ್ಲ ಎಂದುಕೊಂಡೆ.

"ಸಿಂಹ ಕಾಣತ್ತಾ?" ಇವಳ ಮೊದಲ ಬಾಣ.

"ಕಾಣ್ಬಹುದು, ಕಾಣದೇನೂ ಇರ್ಬಹುದು."

"ದನ ನದಿ ದಾಟೋದು?"

"ಅದು ಅವುಗಳ ಇಷ್ಟ ಮೇಡಂ. ಮೂರು ದಿನ ದಡದಲ್ಲಿ ಕಾದು ಹಾಗೇ ವಾಪಸ್ ಬಂದೋರಿದಾರೆ. ಧೂಳು ಜಾಸ್ತಿ. ಜೀಪು ಸೊಂಟ ಮುರಿಯತ್ತೆ. ಈಗ್ಲೇ ಹೇಳಿರ್ತೀನಿ."

ಇವಳ ಮುಖ ಅರಳುತ್ತಾ ಹೋಯಿತು. ಇಷ್ಟೊಂದು ಕೆಟ್ಟ ಸುದ್ದಿಯನ್ನು ಅಷ್ಟು ಸಂತೋಷದಿಂದ ಕೇಳಿದವರನ್ನು ನಾನು ನೋಡಿಲ್ಲ.

"ಊಟಕ್ಕೆ? ನಮ್ಗೆ ಮುದ್ದೆ ಇಲ್ದೆ ಆಗಲ್ಲ."

"ಅಲ್ಲಿಯೋರೂ ಮುದ್ದೇನೇ ತಿನ್ನೋದು ಮೇಡಂ. ಮೆಕ್ಕೆಜೋಳದ ಹಿಟ್ಟಿಂದು. ಕೈಯಲ್ಲೇ ಮುರಿದು, ಸೊಪ್ಪಿನ ಪಲ್ಯ ಜೊತೆ ತಿಂತಾರೆ."

"ಮುದ್ದೆನಾ!" ಇವಳು ನನ್ನ ಕಡೆ ತಿರುಗಿದಳು. "ಕೇಳಿದ್ರಾ ಅತ್ತಿಗೆ? ನಮ್ಮೋರೇ! ಕಣ್ಣು ಮುಚ್ಕೊಂಡು ಬೀಗತನ ಮಾಡ್ಬಹುದು!"

ಆ ಹೆಂಗಸು ಕೊಟ್ಟ ನೀರು ಕುಡಿದು, ಲೋಟದ ತಳ ನೋಡಿ, ಮೇಜಿನ ಮೇಲೆ ಟಣ್ ಎಂದು ಇಟ್ಟಳು. "ಪಾಸು."

"ಸಂತೋಷ" ಎಂದು ಆಕೆ ನಕ್ಕಳು. "ಈಗ ನಾನು ಕೇಳ್ಬಹುದಾ?"

ಮೂವತ್ತೊಂದು ಗಂಡು, ಎಂಟು ಕಂಪನಿ, ಇಷ್ಟರಲ್ಲಿ ಯಾರೂ ನಿಮ್ಮ ಅತ್ತಜ್ಜಿಯನ್ನು ಎದುರು ಪ್ರಶ್ನೆ ಕೇಳಿರಲಿಲ್ಲ. ಅವಳು ಡ್ರಿಲ್ಲಿಗೆ ನಿಂತವರ ಹಾಗೆ ನೆಟ್ಟಗೆ ಕೂತಳು. ಆಕೆ ನನ್ನನ್ನು ನೋಡಿ, "ಅಮ್ಮ, ನಿಮ್ಮ ಮಂಡಿ ಹೇಗಿದೆ?" ಎಂದಳು.

"ಗಟ್ಟಿಯಾಗಿದೆ" ಎಂದಳು ಇವಳು.

"ರಾತ್ರಿ ನಿದ್ದೆ ಬರತ್ತಾ?"

"ಗೊರಕೆ ಹೊಡೀತಾರೆ!"

"ಮೇಡಂ, ಮಂಡಿ ಅವರದು, ಅವರೇ ಹೇಳ್ಲಿ. ಹೋದ ವರ್ಷ ಒಬ್ರು ಮಗ ಅಮ್ಮನ್ನ ಕೇಳ್ದೆ ಟಿಕೆಟ್ ಮಾಡ್ಸಿದ್ರು. ಆಯಮ್ಮ ನಾಕು ದಿನ ಜೀಪಲ್ಲಿ ಅಳ್ತಾನೇ ಕೂತಿದ್ರು. ಆವತ್ತಿಂದ ನಂದೊಂದು ರೂಲ್ಸು. ಬರೋರು ಅವರ ಬಾಯಲ್ಲಿ ಬರ್ತೀನಿ ಅನ್ಬೇಕು. ಇಲ್ದಿದ್ರೆ ಬುಕಿಂಗ್ ಇಲ್ಲ."

ಕೆಳಗೆ ಯಾವುದೋ ಮೋಟಾರು ಗುರ್ರೆಂದು ನಿಂತಿತು. ಇಬ್ಬರೂ ನನ್ನನ್ನೇ ನೋಡುತ್ತಿದ್ದಾರೆ, ನನ್ನ ನಾಲಿಗೆ ಏಳನೇ ಕ್ಲಾಸಿಗೆ ಹೋಗಿ ಕೂತಿದೆ! ನನ್ನನ್ನು ನೋಡಲು ನಮ್ಮೂರಿಗೆ ಬಂದಾಗಲೂ ಯಾರೂ ಹೀಗೆ ಕೇಳಿರಲಿಲ್ಲ ಮಕ್ಕಳೇ. ಕಾಫಿ ತಂದಿಟ್ಟು ಒಳಗೆ ಹೋಗಿದ್ದೆ, ಅಷ್ಟೇ.

ನನ್ನ ಅವಸ್ಥೆ ನೋಡಿ ಆಕೆಗೆ ಕನಿಕರ ಬಂದಿರಬೇಕು. "ನಿಧಾನಕ್ಕೆ ಯೋಚ್ನೆ ಮಾಡಿ ಅಮ್ಮ" ಎಂದು ಒಂದು ಫಾರಂ ಎಳೆದುಕೊಂಡು, ಇವಳನ್ನು ಕೇಳಿದಳು. "ನಿಮ್ಮ ವಿವರ ಬರ್ಕೊಂಡಿರ್ತೀನಿ. ಇವರು ನಿಮಗೆ ಏನಾಗ್ಬೇಕು?"

"ಅತ್ತಿಗೆ."

"ಅಂದ್ರೆ?"

"ನಮ್ಮಣ್ಣನ ಹೆಂಡ್ತಿ. ಅಣ್ಣ ಈಗ ಇಲ್ಲ. ಅಣ್ಣ ಹೋದ್ಮೇಲೆ..." ಅಲ್ಲಿಗೆ ನಿಂತುಬಿಟ್ಟಳು. ಯಾರ ಮನೆಯ ಸಂಬಂಧವನ್ನಾದರೂ ಏಳು ತಲೆಮಾರಿನವರೆಗೆ ಎಳೆದು ಜೋಡಿಸುವವಳು ಪೆನ್ನಿನ ತುದಿಯನ್ನೇ ನೋಡುತ್ತಾ, "ಅಣ್ಣ ಹೋದ್ಮೇಲೆ ಏನಾಗ್ಬೇಕು ಅಂತ... ಏನ್ ಬರೀತಾರೋ ನಂಗೊತ್ತಿಲ್ಲ. ಹಂಗೇ ಖಾಲಿ ಬಿಡಿ" ಎಂದಳು.

ನಾನು ಈ ಮನೆಗೆ ಬಂದಾಗ ಅವಳಿಗೆ ಏಳು ವರ್ಷ. ನಮ್ಮತ್ತೆ ತೀರಿಕೊಂಡು ಆಗಲೇ ವರ್ಷವಾಗಿತ್ತು. ಮೊದಲ ದಿನವೇ ಬಾಚಣಿಗೆ ತಂದು ನನ್ನ ಮುಂದೆ ಬೆನ್ನು ತಿರುಗಿಸಿ ಕೂತಳು. ತಲೆ ತುಂಬ ಸಿಕ್ಕು, ಹೇನು. ಬಿಡಿಸಿ ಎರಡು ಜಡೆ ಹಾಕುವಷ್ಟರಲ್ಲಿ ಸಂಜೆಯಾಗಿತ್ತು.

"ಮಗಳು ಅಂತ ಬರ್ಕೊಳ್ಳಮ್ಮ" ಎಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. "ನಾನೂ ಬರ್ತೀನಿ. ಅಷ್ಟು ದೂರ ಇವಳೊಬ್ಬಳನ್ನೇ ಹೇಗೆ ಕಳಿಸ್ಲಿ?"

ಆಕೆ ನಮ್ಮ ಪಾಸ್‌ಪೋರ್ಟುಗಳ ಹುಟ್ಟಿದ ತಾರೀಖು ನೋಡಿದಳು. ಹನ್ನೆರಡು ವರ್ಷದ ಅಂತರ. "ಮಗಳಾ ಅಮ್ಮ?"

"ಹೂಂ" ಎಂದೆ.

ಮಗಳು ಎಂದೇ ಬರೆದುಕೊಂಡಳು. ಹೆಂಗಸು ಒಳ್ಳೆಯವಳು.

ಯಲಹಂಕದ ಬಸ್ಸಿನಲ್ಲಿ ನಿಮ್ಮ ಅತ್ತಜ್ಜಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹೆಬ್ಬಾಳದ ಮೇಲ್ಸೇತುವೆ ಹತ್ತುವಾಗ ಆಚೆ ನೋಡುತ್ತಲೇ ಕೇಳಿದಳು, "ಅತ್ತಿಗೆ, ಅಷ್ಟು ದೂರ ಹೋಗಿ, ಅವು ನದಿ ದಾಟ್ಲೇ ಇಲ್ಲ ಅಂದ್ರೆ?"

"ದಾಟ್ಲಿಲ್ಲ ಅಂದ್ರೆ ಬಿಡು ಅಮ್ಮಣ್ಣಿ" ಎಂದೆ. "ಈ ದಡದಲ್ಲಿ ನಾವೂ ಇಬ್ರು ಇರ್ತೀವಲ್ಲ."